ತೋಳಿಗೆ ಕುಂಬಳಕಾಯಿ ಹತ್ತಿದ ಅಭ್ಯರ್ಥಿ

ಮಾನ್ಯ ಅಧ್ಯಕ್ಷರಾದ ಮಿಸೆಸ್ ಹೊಯ್ಟ್ ಅವರೇ, ವೇದಿಕೆಯ ಮೇಲಿರುವ ಇಬ್ಬರು ಕಮಿಷನರುಗಳೇ, ಇನ್ನೂ ಬಾರದಿರುವ ಮುಖ್ಯ ಅತಿಥಿಗಳೇ, ಬೆಳಗಿನಿಂದ ನಮ್ಮ ಊಟದ ಬೀನ್ಸ್ ಹಂಡೆಯ ಮುಂದೆ ಬೆವರು ಸುರಿಸುತ್ತಿರುವ ಅಗ್ನಿಶಾಮಕ ದಳದವರೇ, ಈ ಕೌಂಟಿ ವೃದ್ಧಾಶ್ರಮದ ನಿವಾಸಿಗಳೇ, ಸಭಿಕರೇ,

ನಾನು ಇಲ್ಲಿ ನಿಂತಿರುವುದಕ್ಕೆ ಕಾರಣ ಆ ಖಾಲಿ ಕುರ್ಚಿ. ಈಗಷ್ಟೇ ಮಿಸೆಸ್ ಹೊಯ್ಟ್ ನನ್ನ ಕಿವಿಯ ಹತ್ತಿರ ಬಗ್ಗಿ, "ಆಲ್ಥಿಯಾ, ಡೋರೀನ್ ಇನ್ನೂ ಬಂದಿಲ್ಲ. ಹೋಗಿ ಏನಾದ್ರೂ ಮಾತಾಡು" ಎಂದರು. "ನಾನಾ? ಏನು ಮಾತಾಡ್ಲಿ?" ಎಂದೆ. "ಏನಾದ್ರೂ. ಬೀನ್ಸ್ ತಣ್ಣಗಾಗೋದ್ರೊಳಗೆ ಮುಗಿಸಿದ್ರೆ ಸಾಕು" ಎಂದರು. ನಲವತ್ತು ವರ್ಷ ಟೌನ್ ಮೀಟಿಂಗಿನಲ್ಲಿ ಕೈ ಎತ್ತಿದ್ದೇನೆಯೇ ಹೊರತು ಬಾಯಿ ತೆರೆದವಳಲ್ಲ ನಾನು. ರಾತ್ರಿ ಮಲಗುವ ಮುನ್ನ ಡೈರಿಯಲ್ಲಿ ನಾಲ್ಕು ಸಾಲು ಬರೆಯುತ್ತೇನೆ, ಅಷ್ಟೇ ನನ್ನ ಸಾಹಿತ್ಯ. ತಪ್ಪಿದರೆ ಕ್ಷಮಿಸಿ.

ಇಂದು ನಾವೇಕೆ ಸೇರಿದ್ದೇವೆ? ಕಳೆದ ಮಂಗಳವಾರ, ಕೌಂಟಿಯ ಆಡಳಿತಕ್ಕೆಂದು ನಾವು ಆರಿಸಿದ ಮೂವರು ಕಮಿಷನರುಗಳೂ ಒಂದೇ ಮಾತಿನಲ್ಲಿ, ಈ ಆಶ್ರಮ ಮಾರಾಟಕ್ಕಿಲ್ಲ ಎಂದರು. ಯಾವ ಕಂಪನಿಗೂ ಇಲ್ಲ, ಯಾವ ಬೆಲೆಗೂ ಇಲ್ಲ. (ಚಪ್ಪಾಳೆಯನ್ನು ಸ್ವಲ್ಪ ಉಳಿಸಿಕೊಳ್ಳಿ, ಆಮೇಲೆ ಬೇಕಾಗುತ್ತದೆ.) ಆ ಮೂವರಲ್ಲಿ ಮುಖ್ಯರಾದ ಡೋರೀನ್ ಲಶಾನ್ಸ್ ಅವರನ್ನು ಸನ್ಮಾನಿಸಲು ಸೇರಿದ್ದೇವೆ. ಕಳೆದ ವರ್ಷದ ಪ್ರೈಮರಿಯಲ್ಲಿ, ಒಂದೇ ಪಕ್ಷದ ಟಿಕೆಟ್ಟಿಗೆ, ಡೋರೀನ್ ಅವರೂ ಕಾರ್ಲ್‌ಟನ್ ವಿಚರ್ ಅವರೂ ಎದುರಾಳಿಗಳಾಗಿದ್ದರು. ನಮ್ಮ ಕೌಂಟಿಯಲ್ಲಿ ಸೆಪ್ಟೆಂಬರಿನ ಪ್ರೈಮರಿ ಗೆದ್ದವರು ನವೆಂಬರಿನ ಅಂತಿಮ ಚುನಾವಣೆಯಲ್ಲಿ ಗೊರಕೆ ಹೊಡೆಯಬಹುದು. ಹಾಗಾಗಿ ನಿಜವಾದ ಚುನಾವಣೆ ಅದೇ ಆಗಿತ್ತು. ಆಗ ನೀವೆಲ್ಲರೂ ನನ್ನನ್ನು ಒಂದು ಪ್ರಶ್ನೆ ಕೇಳಿದಿರಿ. ಅಂಚೆ ಕಚೇರಿಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ, ಕೊನೆಗೆ ಹಲ್ಲಿನ ಡಾಕ್ಟರು ನನ್ನ ಬಾಯಿ ತೆರೆಸಿಟ್ಟು ಕೇಳಿದರು: "ಯಾರಿಗೆ ಓಟು ಹಾಕ್ತೀರಿ ಮಿಸೆಸ್ ಕಿಂಬಲ್?" ಇವತ್ತು ಹೇಳುತ್ತೇನೆ.

ನನ್ನ ಗಂಡ ರಾಯ್ಸ್ ನಿಮಗೆಲ್ಲ ಗೊತ್ತು. ಕೈ ಕುಲುಕದೆ ಯಾರಿಗೂ ಓಟು ಹಾಕಿದವರಲ್ಲ. ದೇಶದ ಅಧ್ಯಕ್ಷರಾಗಲು ಹೊರಟವರು ನಮ್ಮ ಅಡುಗೆಮನೆಯಲ್ಲಿ ಕಾಫಿ ಕುಡಿದು ಹೋಗಿದ್ದಾರೆ, ಒಬ್ಬರು ಕಪ್ಪಿನ ಹಿಡಿಯನ್ನೂ ಮುರಿದರು. "ಹೇಗಿದ್ರು?" ಎಂದು ಕೇಳಿದರೆ ರಾಯ್ಸ್, "ಎರಡೇ ಸಲ ನೋಡಿದೀನಿ, ಹೇಗೆ ಹೇಳ್ಲಿ?" ಎನ್ನುತ್ತಿದ್ದರು. ಚಳಿಗಾಲದಲ್ಲಿ ಕೈಗವಸು ತೆಗೆದು ಕೈ ಕೊಟ್ಟವರಿಗೆ ಅವರ ಲೆಕ್ಕದಲ್ಲಿ ಅರ್ಧ ಓಟು ಖಾತ್ರಿ. ಉಳಿದ ಅರ್ಧಕ್ಕೆ ಅವರು ಏನು ನೋಡುತ್ತಿದ್ದರೋ ನನಗೆ ಕೊನೆಗೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬಹುದಾಗಿತ್ತು.

ಅವರ ಕೊನೆಯ ಎರಡು ವರ್ಷ ಇದೇ ಆಶ್ರಮದಲ್ಲಿ ಕಳೆದವು, ಕಿಟಕಿ ಪಕ್ಕದ ಮಂಚದಲ್ಲಿ. ಇನ್ನೊಂದು ಮಂಚ ಓವಿಡ್ ಪೆಲ್ಟಿಯೆ ಅವರದು. ಕಾಗದದ ಗಿರಣಿಯಲ್ಲಿ ದುಡಿದವರು, ಲಕ್ವ ಹೊಡೆದ ಮೇಲೆ ಮಾತಿಲ್ಲ. ಸಂಜೆ ಊಟದ ಹೊತ್ತಿಗೆ ನಾನು ಬಂದು ಇಬ್ಬರ ನಡುವೆ ಕೂರುತ್ತಿದ್ದೆ. ಒಂದು ಚಮಚ ರಾಯ್ಸ್‌ಗೆ, ಒಂದು ಚಮಚ ಓವಿಡ್‌ಗೆ. ರಾಯ್ಸ್, "ಅವನಿಗೇ ದೊಡ್ಡ ಚಮಚ ಹಾಕ್ತಿದೀಯಲ್ಲೇ, ನಾನು ನೋಡ್ತಾನೇ ಇದೀನಿ" ಎನ್ನುತ್ತಿದ್ದರು. ಓವಿಡ್‌ಗೆ ನಗು ಬರುತ್ತಿತ್ತು. ನಕ್ಕರೆ ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತು. ಇಬ್ಬರನ್ನೂ ಬೈಯುತ್ತಿದ್ದೆ.

ಕಳೆದ ವರ್ಷ ಮಾರ್ಚಿನಲ್ಲಿ ರಾಯ್ಸ್ ಹೋದರು. ಆಮೇಲೆ ಮೂರು ತಿಂಗಳು ನನ್ನ ಡೈರಿಯಲ್ಲಿ ಬರೀ ಹವಾಮಾನವಿದೆ. ಆದರೆ ಸಂಜೆ ಇಲ್ಲಿಗೆ ಬರುವುದನ್ನು ನಿಲ್ಲಿಸಲಿಲ್ಲ. ಓವಿಡ್‌ಗಾಗಿ ಬರುತ್ತಾಳೆ, ಎಷ್ಟು ಒಳ್ಳೆಯವಳು ಎಂದು ನೀವೆಲ್ಲ ಹೊಗಳಿದಿರಿ. ನಾನು ಬೇಡವೆನ್ನಲಿಲ್ಲ. ಆ ಹೊತ್ತಿಗೆ ಮನೆಯಲ್ಲಿದ್ದರೆ ಮೇಜಿನ ಮೇಲೆ ಒಂದೇ ತಟ್ಟೆ ಇಡಬೇಕು. ಇರಲಿ, ವಿಷಯಕ್ಕೆ ಬರುತ್ತೇನೆ.

ಅದೇ ಬೇಸಿಗೆಯಲ್ಲಿ ಮಾರಾಟದ ಸುದ್ದಿ ಬಂತು. ಛಾವಣಿ ಸೋರುತ್ತಿದೆ, ಬಾಯ್ಲರಿಗೆ ಎಣ್ಣೆ ಸುರಿದು ಸಾಕಾಗಿದೆ, ಕಂಪನಿಯೊಂದು ಕೊಳ್ಳಲು ಸಿದ್ಧವಿದೆ ಎಂದರು. ಕಂಪನಿಯವರು ಓವಿಡ್‌ನಂಥವರನ್ನು ದಕ್ಷಿಣದ ದೊಡ್ಡ ಊರಿಗೆ ಸಾಗಿಸುತ್ತಾರೆ ಎಂದರು. ಯಾರಿಗೆ ಓಟು ಹಾಕಲಿ? ರಾಯ್ಸ್ ಇರಲಿಲ್ಲ. ನಾನೇ ಇಬ್ಬರು ಅಭ್ಯರ್ಥಿಗಳಿಗೂ ಫೋನು ಮಾಡಿದೆ: "ಮನೆಗೆ ಬೇಡ, ಸಂಜೆ ಊಟದ ಹೊತ್ತಿಗೆ ಆಶ್ರಮಕ್ಕೆ ಬನ್ನಿ. ಕೈಯಲ್ಲಿ ಕೆಲಸ ಇರುತ್ತೆ, ಮಾತಾಡ್ತಾ ಮಾಡೋಣ."

ಮೊದಲು ವಿಚರ್ ಬಂದರು. ಈ ಸಭೆಯ ಅರ್ಧ ಜನಕ್ಕೆ ಪಾಠ ಹೇಳಿದ ಹೆಡ್‌ಮಾಸ್ಟರು. ನನ್ನ ಕೈ ಹಿಡಿದು, "ಮಿಸೆಸ್ ಕಿಂಬಲ್, ನಾನಿರೋವರೆಗೆ ಇದರ ಒಂದು ಇಟ್ಟಿಗೇನೂ ಮಾರಕ್ಕೆ ಬಿಡಲ್ಲ" ಎಂದರು. ನನಗೆ ಬೇಕಾಗಿದ್ದ ಮಾತು ಅದೇ. ಓವಿಡ್‌ಗೆ ಮೂರು ಚಮಚ ತಿನ್ನಿಸಿದರು. ಆಮೇಲೆ ಗಡಿಯಾರ ನೋಡಿ, ಇನ್ನೆರಡು ಊರಿದೆ ಎಂದು ಹೊರಟರು.

ಆಮೇಲೊಂದು ದಿನ ಡೋರೀನ್ ಬಂದರು. ಹಿಮ ತೆಗೆಯುವ ಲಾರಿಗಳ ವ್ಯವಹಾರದವರು, ಅಂಗೈ ನೋಡಿದರೇ ಗೊತ್ತಾಗುತ್ತದೆ. "ಮಾರ್ತೀರಾ?" ಎಂದು ನೇರವಾಗಿ ಕೇಳಿದೆ. "ಬೇರೆ ದಾರಿ ಸಿಗದಿದ್ರೆ ಮಾರಬೇಕಾಗುತ್ತೆ. ನಿಮ್ಮನ್ನ ಖುಷಿಪಡಿಸೋಕೆ ಸುಳ್ಳು ಹೇಳ್ಲಾ?" ಎಂದರು. ನನಗೆ ಸಿಟ್ಟು ಬಂತು. ಚಮಚ ಅವರ ಕೈಗೆ ತುರುಕಿ, "ಹಾಗಾದ್ರೆ ತಗೊಳಿ, ಯಾರನ್ನ ಮಾರ್ತೀರೋ ಅವರಿಗೆ ಊಟ ಹಾಕಿ" ಎಂದೆ.

ಅಂದು ಬೇಯಿಸಿ ಕಿವುಚಿದ ಸಿಹಿಗುಂಬಳ. ಓವಿಡ್ ಬಾಯಿ ತೆರೆಯಲಿಲ್ಲ. ಹೊಸಬರೆಂದರೆ ಅವರಿಗೆ ಹಠ. ಡೋರೀನ್ ಚಮಚವನ್ನು ಕೆಳತುಟಿಗೆ ತಾಕಿಸಿ ಸುಮ್ಮನೆ ಕೂತರು. ಹಾಗೆ ಮಾಡಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ. ಕೊನೆಗೊಮ್ಮೆ ಬಾಯಿ ತೆರೆಯಿತು. ನುಂಗುವವರೆಗೆ ಕಾದರು. ಮತ್ತೆ ತುಟಿಗೆ ತಾಕಿಸಿದರು, ಮತ್ತೆ ಕಾದರು. ಓವಿಡ್ ಒಮ್ಮೆ ಕೆಮ್ಮಿದಾಗ ಕುಂಬಳವೆಲ್ಲ ಡೋರೀನ್ ಅವರ ಬಿಳಿ ಅಂಗಿಯ ತೋಳಿಗೆ ಬಂತು. ಅಷ್ಟರಲ್ಲಿ ನನಗೆ ನೆನಪಾಯಿತು. "ಅಯ್ಯೋ, ಇವತ್ತು ರೈತ ಸಂಘದ ಗ್ರೇಂಜ್ ಹಾಲಿನಲ್ಲಿ ನಿಮ್ಮದೂ ವಿಚರ್ ಅವರದೂ ಚರ್ಚಾ ಸಭೆ ಅಲ್ವಾ? ಏಳಿ, ಏಳಿ!" ಎಂದೆ. ಅವರು ತಿರುಗಿಯೂ ನೋಡಲಿಲ್ಲ. "ಬಟ್ಟಲಲ್ಲಿ ಇನ್ನೂ ಇದೆಯಲ್ಲಮ್ಮ. ಇವರು ಈಗಷ್ಟೇ ಶುರು ಮಾಡಿದಾರೆ" ಎಂದರು.

ಆ ಸಭೆಗೆ ನೀವೆಲ್ಲ ಬಂದಿದ್ದಿರಿ. ಇಡೀ ವೇದಿಕೆ ವಿಚರ್ ಅವರ ಪಾಲಾಗಿತ್ತು. ಮಾತು ಬಾರದ ಮುದುಕರೊಬ್ಬರಿಗೆ ತಮ್ಮ ಕೈಯಾರೆ ಉಣಿಸಿದ್ದನ್ನು ಅವರು ಹೇಳಿದಾಗ ಸಭೆಯೇ ಕಣ್ಣೊರೆಸಿಕೊಂಡಿತು. ಹಿಂದಿನ ಸಾಲಿಗೆ ಆಗಷ್ಟೇ ಬಂದು ಕೂತ ನಾನೂ ಒರೆಸಿಕೊಂಡೆ. ನನ್ನ ಹಿಂದೆಯೇ ಬಂದ ಡೋರೀನ್ ವೇದಿಕೆ ಹತ್ತಿದಾಗ ಯಾರೋ, "ಲಾರಿ ಕೆಟ್ಟು ನಿಂತಿತ್ತಾ?" ಎಂದು ಕೂಗಿದರು. ನೀವು ನಕ್ಕಿರಿ. ಈಗ ಅವರು ಹೇಳುತ್ತಾರೆ, ಎಲ್ಲಿದ್ದೆನೆಂದು ಹೇಳಿಯೇ ಹೇಳುತ್ತಾರೆ ಎಂದು ಕಾದೆ. ಹೇಳುವುದು ಬಿಡಿ, ಕಲೆಯಾದ ತೋಳನ್ನು ಮಡಚಿ ಮುಚ್ಚಿಕೊಂಡು, "ತಡವಾಯ್ತು, ಕ್ಷಮಿಸಿ" ಎಂದರು. ಆಮೇಲೆ ನನಗೆ ಹೇಳಿದ್ದನ್ನೇ ನಿಮ್ಮೆಲ್ಲರ ಮುಂದೆಯೂ ಹೇಳಿದರು: ದಾರಿ ಸಿಗದಿದ್ದರೆ ಮಾರಬೇಕಾಗುತ್ತದೆ. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ.

ಮನೆಗೆ ಮರಳುವಾಗ ಕಾರಿನಲ್ಲಿ ನನ್ನ ನಾದಿನಿ ವಿನ್ನಿ, "ಆ ಹೆಂಗಸಿಗೇನಾದ್ರೂ ನೀನು ಓಟು ಹಾಕಿದ್ರೆ ನನ್ನ ಅಣ್ಣ ಸಮಾಧಿಯಿಂದ ಎದ್ದು ಬರ್ತಾನೆ ನೋಡು" ಎಂದಳು. ಎದ್ದು ಬರುವ ಹಾಗಿದ್ದರೆ ಇಬ್ಬರಿಗೂ ಹಾಕುತ್ತಿದ್ದೆನಲ್ಲ, ಎಂದುಕೊಂಡೆ.

ಪ್ರೈಮರಿ ದಿನ ಟೌನ್ ಹಾಲಿನಲ್ಲಿ ಪರದೆ ಎಳೆದುಕೊಂಡು ಪೆನ್ಸಿಲು ಹಿಡಿದು ನಿಂತೆ. ಒಬ್ಬರು ನನಗೆ ಬೇಕಾದ ಉತ್ತರ ಕೊಟ್ಟಿದ್ದರು. ಇನ್ನೊಬ್ಬರು ನಾನು ಹೆದರುವ ಉತ್ತರ ಕೊಟ್ಟಿದ್ದರು. ಓವಿಡ್‌ನ ಮಂಚ ಯಾರ ಕೈಗೆ ಕೊಡಲಿ? ಹೊರಗೆ ಚೀಟಿ ಕೊಡುವ ಮೇಜಿನಿಂದ ವಿನ್ನಿ, "ಆಲ್ಥಿಯಾ, ಒಳಗೇನು ಸ್ವೆಟರ್ ಹೆಣೀತಿದೀಯಾ?" ಎಂದು ಕೂಗಿದಳು. ಆ ಬಿಳಿ ತೋಳು ಕಣ್ಣ ಮುಂದೆ ಬಂತು. ಮಾರಾಟದ ಕಾಗದ ಮುಂದೆ ಬಂದರೆ ಬರಲಿ, ಅದಕ್ಕೆ ಸಹಿ ಹಾಕಬೇಕಾದ ಕೈ ಓವಿಡ್ ನುಂಗುವವರೆಗೆ ಕಾದ ಕೈಯಾಗಿರಲಿ ಎಂದುಕೊಂಡೆ. ಗುರುತು ಹಾಕಿದೆ. ಹೌದು, ಡೋರೀನ್ ಲಶಾನ್ಸ್‌ಗೆ. ವಿನ್ನಿ, ಕೂತ್ಕೋ.

ಗೆದ್ದರು. ಸ್ವಲ್ಪದರಲ್ಲಿ ಗೆದ್ದರು. ಆದರೆ ಆ ಚಳಿಗಾಲ ನನಗೆ ಗೆಲುವಿನದಾಗಿರಲಿಲ್ಲ. ಕಂಪನಿಯ ಉದ್ದ ಕೋಟಿನವರು ಬಂದು ಪಡಸಾಲೆಯ ಅಳತೆ ತೆಗೆದುಕೊಂಡು ಹೋದ ದಿನ, ನನ್ನ ಕೈಯಾರೆ ಓವಿಡ್‌ನನ್ನು ಕಳಿಸಿಬಿಟ್ಟೆನೇ ಎಂದುಕೊಂಡೆ. ಡೋರೀನ್ ಆ ದಿನವೂ ಬಂದರು, ತುಟಿಗೆ ಚಮಚ ತಾಕಿಸಿ ಕೂತರು. "ದಾರಿ ಹುಡುಕ್ತಿದೀನಿ" ಎಂದಷ್ಟೇ ಹೇಳಿದರು.

ದಾರಿ ನಮ್ಮೆಲ್ಲರ ಕಣ್ಣ ಮುಂದೆಯೇ ನಿಂತಿತ್ತು, ಕೌಂಟಿಯ ಹಳೆಯ ಹೊಲದ ಹಿಂದೆ ಪೈನ್ ಮರಗಳಾಗಿ. ಬಲಿತವನ್ನು ಕಡಿಸಿದರು. ಆ ಹಣದಿಂದ ಛಾವಣಿ ಹೊದಿಸಿದರು. ಎಣ್ಣೆ ಕುಡಿಯುವ ಬಾಯ್ಲರು ಹೋಗಿ ಮರದ ಚೂರು ಉರಿಸುವ ಬಾಯ್ಲರು ಬಂತು. ತಲೆಯೆತ್ತಿ ನೋಡಿ, ಎಲ್ಲಾದರೂ ಬಕೆಟ್ ಇಟ್ಟಿದೆಯೇ? ಸ್ವೆಟರ್ ಬಿಚ್ಚಿ ಕೂತಿದ್ದೀರಲ್ಲ, ಯಾಕೆ? ಗೆದ್ದೆವು, ಸಭಿಕರೇ! ಈಗ ತಟ್ಟಿ ಚಪ್ಪಾಳೆ!

ವಿಚರ್ ಅವರೇ, ನೀವು ಎರಡನೇ ಮೇಜಿನಲ್ಲಿ ಮೂರನೇ ಸಲ ಬೀನ್ಸ್ ಹಾಕಿಸಿಕೊಂಡಿದ್ದು ನನಗೆ ಕಂಡಿದೆ. ನೀವು ಗೆದ್ದಿದ್ದರೂ ಇದು ಉಳಿಯುತ್ತಿತ್ತೇನೋ, ನನಗೆ ಗೊತ್ತಿಲ್ಲ. ಹೋದ ಕ್ರಿಸ್‌ಮಸ್ಸಿಗೆ ನೀವು ನಮ್ಮ ಮನೆ ಬಾಗಿಲಿಗೆ ಬಂದು, "ಬರೀ ಮೂರು ಚಮಚ ಅಂತ ನೀವು ಯಾರಿಗೂ ಹೇಳ್ಲಿಲ್ಲವಲ್ಲ, ಯಾಕೆ?" ಎಂದಿರಿ. "ಯಾರೂ ಕೇಳ್ಲಿಲ್ಲ" ಎಂದೆ. "ಹೇಳಬಹುದು, ನಾನೂ ಕೇಳಿಸಿಕೊಂಡು ನಗ್ತೀನಿ" ಎಂದಿರಿ. ಈಗ ನಗುತ್ತಿದ್ದೀರಿ. ಅಂದಿನಿಂದ ಶುಕ್ರವಾರದ ಊಟ ನಿಮ್ಮ ಕೈಯದು. ಇಡೀ ಬಟ್ಟಲು ಖಾಲಿಯಾಗುತ್ತದೆ ಎಂದು ನಾನು ಸಾಕ್ಷಿ ಹೇಳುತ್ತೇನೆ.

ಇನ್ನು ಆ ಖಾಲಿ ಕುರ್ಚಿ. ಮುಖ್ಯ ಅತಿಥಿ ಎಲ್ಲಿ ಎಂದು ಮಿಸೆಸ್ ಹೊಯ್ಟ್ ಆಗಿನಿಂದ ಚಡಪಡಿಸುತ್ತಿದ್ದಾರೆ. ಅವರ ಲಾರಿ ಕೆಟ್ಟಿಲ್ಲ, ಮೇಡಂ. ಇಲ್ಲಿಂದ ಮೂರನೇ ಬಾಗಿಲು. ಸಂಜೆ ನಾನು ಎಂದಿನಂತೆ ಓವಿಡ್‌ನ ಬಟ್ಟಲು ಹಿಡಿದು ಹೊರಟಿದ್ದೆ. ಡೋರೀನ್ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, "ಹೋಗಮ್ಮ, ಇವತ್ತಾದ್ರೂ ನಾಲ್ಕು ಜನರ ಜೊತೆ ಕೂತು ಊಟ ಮಾಡು" ಎಂದರು. ರಾಯ್ಸ್ ಹೋದ ಮೇಲೆ ಈ ಹೊತ್ತಿನಲ್ಲಿ ನಾನು ಓವಿಡ್‌ನ ಮಂಚದ ಪಕ್ಕ ಇಲ್ಲದಿರುವುದು ಇದೇ ಮೊದಲು. ಕೈ ಎಲ್ಲಿಡಬೇಕೋ ತಿಳಿಯದೆ ಈ ಮೈಕನ್ನು ಹಿಡಿದುಕೊಂಡಿದ್ದೇನೆ. ಅಲ್ಲಿ ವಿನ್ನಿ ತನ್ನ ತಟ್ಟೆಯ ಪಕ್ಕ ನನಗೊಂದು ತಟ್ಟೆ ಇಟ್ಟುಕೊಂಡು ಮುಖ ಊದಿಸಿ ಕೂತಿದ್ದಾಳೆ. ಬರ್ತೀನಿ ಕಣೇ, ಬಂದೆ.

ರಾಯ್ಸ್ ಇದ್ದಿದ್ದರೆ ಕೇಳುತ್ತಿದ್ದರು, ಎಷ್ಟು ಸಲ ನೋಡಿದೆ ಅವರನ್ನು ಎಂದು. ಸಾಕಷ್ಟು ಸಲ ನೋಡಿದೆ, ರಾಯ್ಸ್.

ಅಗೋ, ಬಾಗಿಲು ತೆರೆಯಿತು. ಎಲ್ಲರೂ ಎದ್ದು ನಿಲ್ಲಿ. ಯಾರೂ ತಡವಾಯಿತೆಂದು ಕೂಗಬೇಡಿ. ಅವರ ತೋಳು ನೋಡಿ, ಇವತ್ತೂ ಕುಂಬಳಕಾಯಿಯೇ. ಡೋರೀನ್, ಈ ಸಲ ಅದನ್ನು ಮಡಚಿ ಮುಚ್ಚಿಕೊಳ್ಳಬೇಡಿ, ಹಾಗೇ ಬನ್ನಿ.

ಬೀನ್ಸ್ ಆರಿದ್ದರೆ ಅದು ನನ್ನಿಂದ. ಇಷ್ಟು ಹೊತ್ತು ಕಾದಿರಿ, ನಿಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.