ಕಿವಿ ಶಿಬಿರದಲ್ಲಿ ವ್ಯಾಪಾರ ಕೆಡಿಸಿದ ಬಗ್ಗೆ

ಹೆಸರು: ರಂಜಿನಿ, ತಂದೆ ನರಸಿಂಹಯ್ಯ, ವಯಸ್ಸು 34 ವರ್ಷ, ಕೆಲಸ: ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳಿಸುತ್ತದೆಂದು ಪರೀಕ್ಷಿಸುವುದು), ವಾಸ: 5ನೇ ಮುಖ್ಯರಸ್ತೆ, ಚಾಮರಾಜಪೇಟೆ, ಬೆಂಗಳೂರು.

ನನ್ನ ಮೇಲೆ ಶ್ರೀ ಅಭಿನಂದನ್ ಅವರು ಕೊಟ್ಟಿರುವ ದೂರನ್ನು ಠಾಣೆಯಲ್ಲಿ ನನಗೆ ಓದಿ ಹೇಳಿರುತ್ತಾರೆ. ಅದಕ್ಕೆ ನನ್ನ ಉತ್ತರ ಹೀಗಿರುತ್ತದೆ.

ಅಭಿನಂದನ್ ಅವರು ಶ್ರವಣ ಸಾಧನ ಮಾರುವ ಅಂಗಡಿ ಇಟ್ಟಿರುತ್ತಾರೆ. ದಿನಾಂಕ 09-03-2025ರ ಭಾನುವಾರ ಚಾಮರಾಜಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಉಚಿತ ಕಿವಿ ತಪಾಸಣಾ ಶಿಬಿರ ಏರ್ಪಡಿಸಿ, ಪರೀಕ್ಷೆ ಮಾಡಲು ನನ್ನನ್ನು ಕರೆದಿದ್ದರು. ತಪಾಸಣೆಯೆಂದರೆ ಹೆಚ್ಚಿನ ಪರೀಕ್ಷೆ ಬೇಕೋ ಬೇಡವೋ ಎಂದು ಹೇಳುವುದಷ್ಟೇ, ಶಿಬಿರದಲ್ಲಿ ಮಾರಾಟ ಕೂಡದು ಎಂದು ನಾನು ಮೊದಲೇ ತಿಳಿಸಿದ್ದೆ. ಅವರು ಒಪ್ಪಿದ್ದರು.

ಬೆಳಿಗ್ಗೆ 10 ಗಂಟೆಗೆ ಹಿಂದಿನ ಕೋಣೆಯಲ್ಲಿ ಪರೀಕ್ಷೆ ಶುರು ಮಾಡಿದೆ. ಸುಮಾರು 11.30ಕ್ಕೆ, ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಮಾರುವ ಮುನಿಲಕ್ಷ್ಮಮ್ಮ ಎಂಬವರು ಬಂದರು. ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಡಾಕ್ಟರ ಹತ್ತಿರ ತೆಗೆಸಿಕೊಂಡು ಮತ್ತೆ ಬರುವಂತೆ, ಅಲ್ಲಿಯವರೆಗೆ ಏನೂ ಹೇಳಲಾಗದೆಂದು ತಿಳಿಸಿದೆ. ಆಕೆ "ಅಷ್ಟೇನವ್ವಾ, ನಾನು ಕಿವಿನೇ ಹೋಯ್ತು ಅಂದ್ಕೊಂಡಿದ್ದೆ" ಎಂದು ನಗುತ್ತ ಹೋದರು.

ಸ್ವಲ್ಪ ಹೊತ್ತಿನ ಮೇಲೆ ನೀರು ಕುಡಿಯಲು ಹೊರಗೆ ಬಂದೆ. ಅಭಿನಂದನ್ ಅವರು ಆಕೆಯನ್ನು ಮೇಜಿನ ಮುಂದೆ ಕೂರಿಸಿ, ಕಿವಿಗೆ ಸಾಧನ ಹಾಕಿ, ಇವತ್ತೇ ತೆಗೆದುಕೊಳ್ಳದಿದ್ದರೆ ಪೂರ್ತಿ ಕಿವುಡಾಗುತ್ತೀರಿ, ಡಾಕ್ಟರಮ್ಮನೇ ಹೇಳಿದ್ದಾರೆ ಎನ್ನುತ್ತಿದ್ದರು. ಮುನಿಲಕ್ಷ್ಮಮ್ಮ ಮುಂಗಡಕ್ಕೆಂದು ಓಲೆ ಬಿಚ್ಚುತ್ತಿದ್ದರು. ತಿರುಪು ಬಿಗಿಯಾಗಿತ್ತು. ಕಿವಿಯ ಹಾಲೆ ಕೆಂಪಾಗಿತ್ತು.

ಅಭಿನಂದನ್ ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. "ಮೇಡಂ, ಹಾಲ್ ಬಾಡಿಗೆ, ಊಟ ಎಲ್ಲಾ ನಂದು. ನೀವು ಟೆಸ್ಟ್ ಮಾಡ್ಕೊಂಡು ಸುಮ್ನಿರಿ" ಎಂದರು. ನಾನು ಸುಮ್ಮನಿರಲಿಲ್ಲ. ವೇದಿಕೆ ಹತ್ತಿ ಮೈಕ್ ತೆಗೆದುಕೊಂಡು, "ಇವತ್ತು ಇಲ್ಲಿ ಯಾರೂ ಏನೂ ತಗೋಬೇಡಿ. ನಾನು ಯಾರಿಗೂ ಮಷಿನ್ ಹಾಕ್ಕೊಳಿ ಅಂದಿಲ್ಲ. ಆಸ್ಪತ್ರೆಲಿ ಪೂರ್ತಿ ಟೆಸ್ಟ್ ಮಾಡಿಸ್ಕೊಳಿ, ಆಮೇಲೆ ಬೇಕಂದ್ರೆ ನಿಮಗಿಷ್ಟ ಬಂದ ಕಡೆ ತಗೊಳಿ" ಎಂದೆ.

ಅಷ್ಟರಲ್ಲಿ ಅಭಿನಂದನ್ ಅವರು ಮೈಕಿನ ವೈರು ಕಿತ್ತರು. ಬಂದವರು ಮೊದಲೇ ಕಿವಿ ಮಂದವಾದವರು. ಆದ್ದರಿಂದ ಕುರ್ಚಿಗಳ ನಡುವೆ ಹೋಗಿ, ಒಬ್ಬೊಬ್ಬರ ಕಿವಿಯ ಹತ್ತಿರ ಬಾಗಿ ಅದನ್ನೇ ಹೇಳಿದೆ. ಪುಟ್ಟಯ್ಯ ಎಂಬ ಹಿರಿಯರಿಗೆ ನಿಜಕ್ಕೂ ಸಾಧನ ಬೇಕಾಗಬಹುದಿತ್ತು. ಅವರಿಗೂ ಅದನ್ನೇ ಹೇಳಿದೆ. ಜನ ಎದ್ದು ಹೋದರು.

ನಾನು ಗಲಾಟೆ ಮಾಡಿ ವ್ಯಾಪಾರ ಕೆಡಿಸಿದೆನೆಂದು ದೂರಿನಲ್ಲಿ ಇರುತ್ತದೆ. ಗಲಾಟೆ ಮಾಡಿಲ್ಲ. ವ್ಯಾಪಾರ ಕೆಡಿಸಿದ್ದು ನಿಜ.

ಮುನಿಲಕ್ಷ್ಮಮ್ಮ ಬುಧವಾರ ಗುಗ್ಗೆ ತೆಗೆಸಿಕೊಂಡು ಬಂದರು. ಮತ್ತೆ ಪರೀಕ್ಷಿಸಿದೆ. ಚೆನ್ನಾಗಿಯೇ ಕೇಳುತ್ತದೆ. ಆಕೆ ಈಗ ಠಾಣೆಯ ಹೊರಗೆ ಕೂತಿರುತ್ತಾರೆ, ಅವರನ್ನೂ ವಿಚಾರಿಸಬೇಕೆಂದು ಕೋರುತ್ತೇನೆ.

ಕ್ಷಮೆ ಕೇಳಿ ಬರೆದುಕೊಟ್ಟರೆ ಅಭಿನಂದನ್ ಅವರು ದೂರು ವಾಪಸ್ ಪಡೆಯುತ್ತಾರೆಂದು ಸಬ್ ಇನ್‌ಸ್ಪೆಕ್ಟರ್ ಮರಿಯಣ್ಣ ಅವರು ಹೇಳಿ, "ಮುಗಿಸ್ಕೊಂಡ್ಬಿಡಿ ಮೇಡಂ, ಯಾಕೆ ತಲೆನೋವು" ಎಂದರು. ನಾನು ಬರೆದುಕೊಡುವುದಿಲ್ಲ. ಇಂಥದೇ ಶಿಬಿರ ಮತ್ತೆ ನಡೆದರೆ ಬಾಗಿಲಲ್ಲಿ ನಿಂತು ಜನರಿಗೆ ಹೇಳುತ್ತೇನೆ. ಈ ಮಾತನ್ನು ಹೇಳಿಕೆಯಲ್ಲಿ ಬರೆಯದೆ ಬಿಡೋಣವೇ ಎಂದು ಮರಿಯಣ್ಣ ಅವರು ಕೇಳಿದರು. ಬಿಡುವುದು ಬೇಡವೆಂದು ನಾನೇ ಬರೆಯಿಸಿರುತ್ತೇನೆ.

ಬರೆದದ್ದನ್ನು ಓದಿ ನೋಡಿದ್ದೇನೆ. ಎಲ್ಲವೂ ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 13-03-2025
ಸಹಿ: ರಂಜಿನಿ