ಡಾಕ್ಟರಿಗೆ ಹೇಳದ ನಾಲ್ಕು ತಿಂಗಳು

ಮೂಳೆ ಡಾಕ್ಟರ ಕೋಣೆಯ ಹೊರಗೆ ಕಾಯುತ್ತಾ ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದೆ. ಪಕ್ಕದಲ್ಲಿ ಪೊಲೀಸ್ ತರಬೇತಿಯ ಹುಡುಗಿಯೊಬ್ಬಳು ಬೂಟು ಬಿಚ್ಚಿ ಕಣಕಾಲು ಒತ್ತಿಕೊಳ್ಳುತ್ತಿದ್ದಳು. ಜೊತೆಗೆ ಅವಳ ಅಕ್ಕ.

“ಎಷ್ಟು ದಿನದಿಂದ ನೋವು?” ಅಕ್ಕ ಕೇಳಿದಳು.

“ಮೂರು ವಾರ. ಎಲ್ಲರೂ ಐದು ಸುತ್ತು ಓಡಿದ್ರೆ ನಾನು ಹತ್ತು ಓಡ್ತಿದ್ದೆ. ಓಟದಲ್ಲಿ ಎಲ್ಲರಿಗಿಂತ ಹಿಂದಿದ್ದೆ ಅಲ್ವಾ.”

“ಊಟ?”

“ಹೊಟ್ಟೆ ಭಾರ ಆದ್ರೆ ಓಡೋಕಾಗಲ್ಲ ಅಕ್ಕ.”

“ಗಾಳಿ ಕುಡಿದು ಓಡ್ತಿದ್ಯಾ? ಮುಟ್ಟು ಸರಿಯಾಗಿ ಆಗ್ತಿದ್ಯೇನೇ?”

ಹುಡುಗಿ ನನ್ನತ್ತ ನೋಡಿದಳು. ನಾನು ಸೂಜಿಯತ್ತ ಬಾಗಿದೆ.

“ನಿಂತು ನಾಲ್ಕು ತಿಂಗಳಾಯ್ತು. ಒಳ್ಳೇದೇ ಆಯ್ತು ಅಂತ ರೂಮಿನವರೆಲ್ಲ ನಗ್ತಾರೆ.”

“ಡಾಕ್ಟರಿಗೆ ಇದನ್ನೆಲ್ಲ ಹೇಳ್ತೀಯಾ ತಾನೇ?”

“ಹೇಳಿದ್ರೆ ತರಬೇತಿಯಿಂದ ಮನೆಗೆ ಕಳಿಸ್ತಾರೆ. ಮೆಟ್ಟಿಲಲ್ಲಿ ಜಾರಿದೆ ಅಂತೀನಿ.”

“ಊಟ ಬಿಟ್ಟು ಹೀಗೆ ಓಡಿ ಮುಟ್ಟು ನಿಂತ್ರೆ ಮೂಳೆನೂ ಸವೆಯುತ್ತೆ ಕಣೇ. ನಾಳೆ ಓಡುವಾಗ ಮೂಳೆ ಎರಡಾದ್ರೆ ಆ ಸಮವಸ್ತ್ರ ಯಾರು ಹಾಕ್ಕೋತಾರೆ, ನಾನಾ?”

“ನಿನಗೆ ಸೊಂಟದ ಹತ್ರ ಬಿಗಿಯಾಗುತ್ತೆ ಬಿಡು.”

ಅಕ್ಕ ನಗಲಿಲ್ಲ. ಒಳಗಿನಿಂದ ಕರೆ ಬಂತು. ಹುಡುಗಿ ಒಂದೇ ಕಾಲೂರಿ ಬಾಗಿಲವರೆಗೆ ಹೋಗಿ ನಿಂತಳು.

“ಅಕ್ಕ, ನೀನೂ ಬಾ. ನಾನು ಮೆಟ್ಟಿಲು ಅಂತ ಶುರು ಮಾಡಿದ್ರೆ ನೀನೇ ಹೇಳಿಬಿಡು.”

ಅಕ್ಕ ಎರಡೂ ಬೂಟುಗಳನ್ನು ಕೈಗೆತ್ತಿಕೊಂಡು ಅವಳ ಹಿಂದೆಯೇ ಒಳಗೆ ಹೋದಳು.