ಕಳಿಸುವ ಪೆಟ್ಟು

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬೆಳುಗುಪ್ಪದ ಬಸ್ಸಿಗೆ ಕಾಯುತ್ತಿದ್ದ ಶಿರೀಷಾಳ ಹಿಂದಿನ ಬೆಂಚಿನಲ್ಲಿ ಗಂಡ ಹೆಂಡತಿ ಕುಳಿತಿದ್ದರು. ಗಂಡನ ತೊಡೆಯ ಮೇಲೆ ಉರುಮೆ ವಾದ್ಯವಿತ್ತು. ಅವನು ಹೇಳುತ್ತಿದ್ದ:

“ಹಿಂದೂಪುರದ ಸಂಗೀತೋತ್ಸವದಾಗೆ ಅಮ್ಮನ್ನ ಮೈಮೇಲೆ ಕರೆಯೋ ಪೆಟ್ಟು ಮಾತ್ರ ಬಾರಿಸ್ಬೇಕಂತೆ. ಆಮೇಲೆ ಕಂಪ್ಯೂಟರ್‌ನಾಗೆ ಮ್ಯೂಸಿಕ್ ಮಾಡೋರು, ಆಫ್ರಿಕಾದ ಡ್ರಮ್ಮಿನೋರು ಶುರು ಮಾಡ್ತಾರಂತೆ.”

“ಕಳಿಸೋ ಪೆಟ್ಟು?”

“ಅದಕ್ಕೆ ಟೈಮಿಲ್ವಂತೆ.”

“ಕರೆದು ಕಳಿಸ್ದೆ ಬಿಟ್ರೆ ಅಮ್ಮ ಯಾರ ಮೈಮೇಲೆ ನಿಂತ್ಕಂತಾಳೆ? ಆ ಕಂಪ್ಯೂಟರ್ ಮೇಲಾ?”

“ಒಪ್ಕಂಡ್ಬುಟ್ಟಿದೀನಿ ಕಣಮ್ಮಿ. ಪೋಸ್ಟರ್‌ನಾಗೆ ನನ್ನ ಫೋಟೋನೂ ಹಾಕವ್ರೆ. ಏಮ್ ಚೇಯಾಲಿ ಚೆಪ್ಪು? ಏನ್ ಮಾಡ್ಲಿ ಹೇಳು?”

ಶಿರೀಷಾ ತಿರುಗಿ ನೋಡದೆ ಕೇಳಿಸಿಕೊಳ್ಳುತ್ತಿದ್ದಳು.

ಹಿಂದೂಪುರದ ಬಸ್ಸು ಬಂದಾಗ ಹೆಂಡತಿಯೇ ಮೊದಲು ಎದ್ದಳು.

“ನಡಿ, ನಾನೂ ಬತ್ತೀನಿ. ಅಮ್ಮ ಬರೋದು ನನ್ನ ಮೈಮೇಲೆ ತಾನೆ? ಎಲ್ಲಾರ್ಗಿಂತ ಮುಂದೇ ಕುಂತ್ಕಂತೀನಿ. ಕಳಿಸ್ದೆ ನೀನು ಸ್ಟೇಜ್ ಹೆಂಗಿಳೀತೀಯೋ ನೋಡ್ತೀನಿ.”